ನಾಲ್ಕನೇ ನಂಬರಿನ ಅಂಗಿ

ಕ್ರಿಕೆಟ್ ತಂಡವೊಂದರ ಇತಿಹಾಸ ಬರೆಯುವ ಯೋಗ ನನ್ನ ಹಣೆಯಲ್ಲಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಮಸ್ಕತ್ತಿಗೆ ಬರುತ್ತಲೇ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ಶುಕ್ರವಾರ, ಇಲ್ಲಿನ ರಜೆಯ ದಿನ, ಬೆಳಗ್ಗೆ ಎದ್ದು ನೋಡಿದರೆ ಗಂಡ ಇಲ್ಲ. ಅಡುಗೆಮನೆಯಲ್ಲಿ ಅರ್ಧ ಕುಡಿದ ಚಹಾದ ಲೋಟ ಮಾತ್ರ ಇತ್ತು. ಬಿಸಿಲು ಏರಿದ ಮೇಲೆ ಮೈತುಂಬ ಧೂಳು ಮೆತ್ತಿಕೊಂಡು ಬಂದವರು, ಹೊಸ ಹೆಂಡತಿ ಅಳುತ್ತ ಕೂತಿದ್ದನ್ನೂ ಗಮನಿಸದೆ, "ಗೆದ್ದೆವು" ಎಂದರು. ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರ ಬೆನ್ನಿನ ಮೇಲೆ ನಾಲ್ಕು ಎಂಬ ಅಂಕಿ ಇತ್ತು.

ಆ ತಂಡದ ಬಗ್ಗೆ ನನಗೆ ಅವತ್ತು ಹುಟ್ಟಿದ ತಾತ್ಸಾರ ಇವತ್ತಿಗೂ ಎಳ್ಳಷ್ಟೂ ಕಡಿಮೆಯಾಗಿಲ್ಲ. ಕಡಿಮೆ ಮಾಡಿಕೊಳ್ಳುವ ಮನಸ್ಸೂ ಇಲ್ಲ.

ನಮ್ಮವರು ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ನಾನು ಖುರುಮ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಬಾಯಿ ಬಿಟ್ಟುಕೊಂಡು ಬರುವವರನ್ನು ದಿನವಿಡೀ ನೋಡುವುದೇ ನನ್ನ ಕೆಲಸ, ಹಾಗಾಗಿ ನಮ್ಮ ತಂಡದ ಸಮಿತಿಯವರನ್ನು ಕಂಡಾಗ ನನಗೆ ಹೊಸತೇನೂ ಅನಿಸುತ್ತಿರಲಿಲ್ಲ. ತಂಡವನ್ನು ಕಟ್ಟಿದ್ದು ಬೌಷರ್‌ನ ಒಂದೇ ಕಟ್ಟಡದ ಎರಡು ಕೋಣೆಗಳ ಬ್ರಹ್ಮಚಾರಿಗಳು. ಒಂದು ಕೋಣೆಯಲ್ಲಿ ಇವರೂ ಸೇರಿ ತುಳು ಮಾತಾಡುವ ಹುಡುಗರು, ಇನ್ನೊಂದರಲ್ಲಿ ಮಂಗಳೂರಿನ ಕಡೆಯ ಬ್ಯಾರಿ ಮುಸ್ಲಿಮರು. ಇಬ್ಬರ ನಡುವೆ ಇದ್ದದ್ದು ಒಂದೇ ಬ್ಯಾಟು. ಕಲ್ಲುಮಣ್ಣಿನ ಬಯಲಿನಲ್ಲಿ ಟೆನಿಸ್ ಚೆಂಡಿನಲ್ಲಿ ಆಡುತ್ತಿದ್ದರು. ಆಮೇಲೆ ರೂವಿಯ ಒಬ್ಬ ದರ್ಜಿಯಿಂದ ಅಂಗಿ ಹೊಲಿಸಿದರು, ಬಟ್ಟೆಯಲ್ಲಿ ಅಂಕಿ ಕತ್ತರಿಸಿ ಬೆನ್ನಿಗೆ ಹಚ್ಚಿಸಿದರು. ಅಲ್ಲಿಯವರೆಗೆ ಅದು ಒಂದು ಆಟವಾಗಿತ್ತು ಎಂದು ಒಪ್ಪುತ್ತೇನೆ.

ಅದಾದ ಮೇಲೆ ಧಣಿಗಳು ಬಂದರು. ಅವರಿಗೆ ಹೆಸರಿದೆ, ಆದರೆ ನಮ್ಮಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ನಾನೂ ಧಣಿಗಳು ಎಂದೇ ಬರೆಯುತ್ತೇನೆ. ಖುರುಮ್‌ನಲ್ಲಿ ಬಾತ್‌ರೂಮ್ ಸಾಮಾನಿನ ಶೋರೂಮ್ ಅವರದ್ದು. ಅವರು ತಂಡಕ್ಕೆ ಹಣ ಹಾಕಿದರು, ಬಣ್ಣದ ಬಟ್ಟೆ ತೊಡಿಸಿದರು, ತಂಡದ ಹೆಸರಿನ ಮುಂದೆ ತಮ್ಮ ಶೋರೂಮಿನ ಹೆಸರನ್ನು ಸೇರಿಸಿದರು. ಕಂಪನಿಗಳ ಲೀಗ್ ಗೆಲ್ಲಬೇಕೆಂದು ಉಡುಪಿ, ಮಂಗಳೂರಿನ ಕಡೆಯಿಂದ ಆಡುವ ಹುಡುಗರನ್ನು ವೀಸಾ ಕೊಟ್ಟು ಕರೆಸಿಕೊಂಡರು. ಕಾಗದದಲ್ಲಿ ಅವರು ಗೋದಾಮಿನ ಹೆಲ್ಪರ್‌ಗಳು. ಸಂಬಳ ಸಿಗುತ್ತಿದ್ದದ್ದು ಶುಕ್ರವಾರ ಬ್ಯಾಟು ಬೀಸುವುದಕ್ಕೆ. ಹೀಗೆ ನಮ್ಮ ತಂಡ ಪ್ರೊಫೆಷನಲ್ ಆಯಿತು. ಹಳಬರನ್ನು ಒಬ್ಬೊಬ್ಬರನ್ನಾಗಿ ಹೊರಗಿಟ್ಟರು. ನಮ್ಮವರನ್ನು ಹೊರಗಿಡಲು ದಾಕ್ಷಿಣ್ಯವಾಯಿತೋ ಏನೋ, 'ಟೀಮ್ ಮ್ಯಾನೇಜರ್' ಎಂದು ಮಾಡಿದರು. ಅಂದರೆ ಐಸ್ ಪೆಟ್ಟಿಗೆ, ನೀರಿನ ಬಾಟಲಿ, ಬಾಳೆಹಣ್ಣುಗಳನ್ನು ನಮ್ಮ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುವವರು. ಆಟ ಮುಗಿದ ಮೇಲೆ ಇಡೀ ತಂಡದ ಬಟ್ಟೆ ನಮ್ಮ ಮನೆಗೆ ಬರುತ್ತಿತ್ತು. ನಮ್ಮ ವಾಷಿಂಗ್ ಮೆಷಿನ್ನಿನ ಹೊಟ್ಟೆಯಿಂದ ತೆಗೆದ ಮರಳನ್ನು ಕೂಡಿಟ್ಟಿದ್ದರೆ ಒಂದು ಪಿಚ್ ಆಗುತ್ತಿತ್ತು.

"ಮ್ಯಾನೇಜರ್ ಅಂದ್ರೆ ದೊಡ್ಡ ಪೋಸ್ಟು ಮಾರಾಯ್ತಿ" ಎಂದು ಇವರು ಒಮ್ಮೆ ಹೇಳಿದ್ದರು.

"ಹೌದೌದು. ಅದಕ್ಕೇ ಧಣಿಗಳ ಚಪ್ಪಲಿಗೆ ನೆರಳು ಹಿಡಿಯುವ ಕೆಲಸವೂ ನಿಮಗೇ ಕೊಟ್ಟಿದ್ದು" ಎಂದೆ. ಅವರು ನಕ್ಕರು. ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ನಗುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಆಟ ಬಿಡಿಸಿದ ಮೇಲೂ ಆ ನಾಲ್ಕನೇ ನಂಬರನ್ನು ಅವರು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಹೊಸ ಬಟ್ಟೆ ಬಂದಾಗಲೆಲ್ಲ ನಾಲ್ಕನ್ನು ಬಿಟ್ಟು ಮುಂದಿನ ಅಂಕಿಗೆ ಹೋಗುತ್ತಿದ್ದರು. ದರ್ಜಿ ಹೊಲಿದ ಹಳೆಯ ಅಂಗಿ ನಮ್ಮ ಕಪಾಟಿನಲ್ಲಿತ್ತು.

ಹೋದ ವರ್ಷ ತಂಡದ ಬೆಳ್ಳಿಹಬ್ಬ ಮಾಡುವುದೆಂದು ನಿಶ್ಚಯವಾಯಿತು. ಅದೇ ಹೊತ್ತಿಗೆ ಇವರ ಕಾರ್ಖಾನೆಯಲ್ಲಿ ಇವರ ಜಾಗಕ್ಕೆ ಒಬ್ಬ ಓಮಾನಿ ಹುಡುಗನನ್ನು ತೆಗೆದುಕೊಂಡರು. ಅವರ ದೇಶ, ಅವರ ಮಕ್ಕಳಿಗೆ ಕೆಲಸ ಬೇಕು, ಅದರಲ್ಲಿ ತಪ್ಪು ಹುಡುಕಲಾರೆ. ಇವರು ವೀಸಾ ಮುಗಿಸಿ ಊರಿಗೆ ಹೋಗುವುದು, ನಾನು ನನ್ನ ಕ್ಲಿನಿಕ್ಕಿನ ವೀಸಾದಲ್ಲಿ ಮಗಳ ಹನ್ನೆರಡನೇ ತರಗತಿ ಮುಗಿಯುವವರೆಗೆ ಇಲ್ಲಿ ಇರುವುದು, ಆಮೇಲೆ ನಾವೂ ಹೋಗುವುದು ಎಂದು ಲೆಕ್ಕ ಹಾಕಿದೆವು. ಅಷ್ಟೂ ವರ್ಷ ಇವರು ದುಡಿದ ಕಾರ್ಖಾನೆಯವರು ಕೊನೆಗೆ ಒಂದು ಕೇಕ್ ಕತ್ತರಿಸಿ ಕೈಕುಲುಕಿದರು.

ಆ ವಾರವೇ ತಂಡದ ಕಾರ್ಯದರ್ಶಿ ನಮ್ಮ ಮನೆಗೆ ಬಂದ. ಇನ್ಶೂರೆನ್ಸ್ ಮಾರುವವನು, ಮಾತಿನಲ್ಲಿ ಮನೆ ಕಟ್ಟುವವನು. ನಾನು ನೀರುದೋಸೆ ಹೊಯ್ಯುತ್ತಿದ್ದಂತೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟ. ಸ್ಟೇಜಿನಲ್ಲಿ ತಂಡದ ಇತಿಹಾಸದ ಮಹತ್ವದ ದಿನಗಳನ್ನು ಶುದ್ಧ ಕನ್ನಡದಲ್ಲಿ ಓದಬೇಕಂತೆ. ಶುದ್ಧ ಕನ್ನಡ ಗೊತ್ತಿದ್ದವಳು ನಾನೊಬ್ಬಳೇ ಅಂತೆ. ಊರಿನಲ್ಲಿ ಶಾಲೆಯಲ್ಲಿ ಸ್ವಲ್ಪ ಕಾಲ ಕನ್ನಡ ಕಲಿಸಿದ್ದೆ, ಆ ಪಾಪ ಇಲ್ಲಿಗೂ ಹಿಂಬಾಲಿಸಿ ಬಂದಿದೆ.

"ಅಕ್ಕ, ಇದೇ ಫಾರ್ಮ್ಯಾಟಿನಲ್ಲಿ ಬೇಕು. ನೋಡಿ, ಎಷ್ಟು ಪ್ರೊಫೆಷನಲ್ ಉಂಟು" ಎಂದು ತೋರಿಸಿದ.

ಅಮೆರಿಕದ ಯಾವುದೋ ತಂಡದ ಇತಿಹಾಸ. ದಿನಾಂಕ, ಅದರ ಎದುರು ಘಟನೆ, ಹೀಗೆ ಕೆಳಗಿನವರೆಗೂ ಇತ್ತು.

"ಇದು ಎಂತ ಆಟ?"

"ಬೇಸ್‌ಬಾಲ್. ನಮ್ಮ ಕ್ರಿಕೆಟಿನ ಹಾಗೆಯೇ ಅಕ್ಕ. ಸ್ವಲ್ಪ ಓಡುದು ಮಾತ್ರ ಬೇರೆ."

ಆ ಆಟದ ತಲೆಬುಡ ಅವನಿಗೆ ಗೊತ್ತಿರಲಿಲ್ಲ. ಆದರೆ ಅಮೆರಿಕದವರ ಇತಿಹಾಸದಲ್ಲಿ ಏನೇನಿದೆಯೋ ಅದೆಲ್ಲ ನಮ್ಮ ಇತಿಹಾಸದಲ್ಲೂ ಇರಲೇಬೇಕೆಂದು ಹಟ. ಅವರ ತಂಡ ಒಂದು ಊರಿನಿಂದ ಇನ್ನೊಂದು ಊರಿಗೆ ಹೋದ ದಿನ ಅದರಲ್ಲಿತ್ತು. ನಮ್ಮದರಲ್ಲಿ ಬೌಷರ್‌ನ ಬಯಲಿನಲ್ಲಿ ಕಟ್ಟಡ ಎದ್ದಿತೆಂದು ರುಸೈಲ್ ಕಡೆಯ ಬಯಲಿಗೆ ಓಡಿಹೋದದ್ದನ್ನು 'ತಂಡದ ಸ್ಥಳಾಂತರ' ಎಂದು ಬರೆಸಿದ. ಅವರ ತಂಡವನ್ನು ಹೊಸ ಮಾಲೀಕ ಕೊಂಡುಕೊಂಡ ದಿನವಿತ್ತು. ನಮ್ಮ ಧಣಿಗಳು ಮೊದಲ ಬಾರಿ ಮೈದಾನಕ್ಕೆ ಬಂದು ಕಾರಿನ ಎ.ಸಿ.ಯಿಂದ ಇಳಿಯದೆ ಕೈಬೀಸಿ ಹೋದದ್ದನ್ನು 'ಸುವರ್ಣಯುಗದ ಆರಂಭ' ಎಂದು ಬರೆಸಿದ. ದಿನಾಂಕ ಯಾವುದೂ ಯಾರಿಗೂ ನೆನಪಿಲ್ಲ.

"ಮೊದಲ ಕಪ್ ಗೆದ್ದದ್ದು ಯಾವಾಗ?" ಎಂದು ಅವನು ನಮ್ಮವರನ್ನು ಕೇಳಿದ.

"ಆ ದೊಡ್ಡ ಚಂಡಮಾರುತ ಬಂತಲ್ಲ, ಅದರ ಮುಂಚಿನ ಚಳಿಗಾಲ" ಎಂದರು ಇವರು.

"ಅವತ್ತು ನಾನು ಹೆರಿಗೆಯ ಕೋಣೆಯಲ್ಲಿದ್ದೆ" ಎಂದು ಒಲೆಯ ಹತ್ತಿರದಿಂದಲೇ ಹೇಳಿದೆ. "ಇವರು ಸಂಜೆ ಕಪ್ ಹಿಡಿದುಕೊಂಡು ಬಂದರು. ಮಗುವನ್ನು ಎತ್ತಿಕೊಳ್ಳಲಿಕ್ಕೆ ಕೈ ಖಾಲಿ ಇರಲಿಲ್ಲ. ಮಗಳ ಬರ್ತ್ ಸರ್ಟಿಫಿಕೇಟ್ ನೋಡಿ, ದಿನಾಂಕ ಸಿಗ್ತದೆ."

ಕಾರ್ಯದರ್ಶಿ ನಿಜವಾಗಿಯೂ ಬರೆದುಕೊಂಡ. ಇಂಥವರ ಮೇಲೆ ಸಿಟ್ಟು ಮಾಡುವುದೂ ದಂಡ.

ಆ ಪಟ್ಟಿಯಲ್ಲಿ ಒಂದು ಸಾಲು ನಮಗೆ ಯಾರಿಗೂ ಅರ್ಥವಾಗಲಿಲ್ಲ. ಒಬ್ಬ ಆಟಗಾರನ ನಂಬರನ್ನು ರಿಟೈರ್ ಮಾಡಿದರು ಎಂದಿತ್ತು. ಮನುಷ್ಯ ರಿಟೈರ್ ಆಗುವುದು ಗೊತ್ತು, ನಂಬರ್ ರಿಟೈರ್ ಆಗುವುದೆಂದರೇನು? ಕೋಣೆಯಲ್ಲಿ ಓದುತ್ತಿದ್ದ ಮಗಳನ್ನು ಕರೆದೆವು. ಅವಳು ನಮ್ಮೆಲ್ಲರನ್ನೂ ಒಮ್ಮೆ ಕರುಣೆಯಿಂದ ನೋಡಿ, ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ತಂಡದ ದೊಡ್ಡ ಆಟಗಾರನೊಬ್ಬ ನಿವೃತ್ತನಾದಾಗ ಅವನ ಅಂಗಿಯ ನಂಬರನ್ನು ಆಮೇಲೆ ಯಾರಿಗೂ ಕೊಡುವುದಿಲ್ಲವಂತೆ. ಮೈದಾನದ ಗೋಡೆಗೆ ಅದನ್ನು ತೂಗುಹಾಕುತ್ತಾರಂತೆ.

ಇವರು ದೋಸೆಯ ಮೇಲಿನಿಂದ ಕೈ ತೆಗೆದರು. "ಆಟಗಾರ ಊರಿಗೆ ಹೋದ ಮೇಲೂ ನಂಬರ್ ಅಲ್ಲೇ ಇರ್ತದಾ?"

"ಯೆಸ್ ಪಪ್ಪಾ. ಫಾರೆವರ್."

"ಸತ್ತ ಮೇಲೂ?"

"ಪಪ್ಪಾ, ಫಾರೆವರ್ ಅಂದ್ರೆ ಫಾರೆವರ್."

ಇವರ ಮುಖದಲ್ಲಿ ಆಸೆ ಎಷ್ಟು ಬೆತ್ತಲಾಗಿ ಬಂದು ನಿಂತಿತ್ತೆಂದರೆ ಕಾರ್ಯದರ್ಶಿಗೂ ಕಂಡಿತು. "ಅಣ್ಣ, ನಿಮ್ಮ ನಾಲ್ಕನ್ನೇ ರಿಟೈರ್ ಮಾಡುವ! ಸ್ಟೇಜಿನಲ್ಲಿಯೇ ಮಾಡುವ!" ಎಂದು ಅವನು ಬೆನ್ನು ತಟ್ಟಿದ. ಗೋಡೆಯೇ ಇಲ್ಲದ ತಂಡ ಯಾವ ಗೋಡೆಗೆ ತೂಗುಹಾಕುತ್ತದೆ ಎಂದು ಕೇಳಲು ನನ್ನ ನಾಲಿಗೆ ತುರಿಸಿತು. ಇವರ ಮುಖ ನೋಡಿ ಇನ್ನೊಂದು ದೋಸೆ ಹೊಯ್ದೆ. ಹೋಗುವ ಮನುಷ್ಯನಿಗೆ ಅದೊಂದು ಸಿಗುವುದಾದರೆ ಸಿಗಲಿ.

ಮರುದಿನದಿಂದ ಇವರು ಬದಲಾದರು. ಕಾರ್ಖಾನೆಯಲ್ಲಿ ತಮ್ಮ ಕೈಕೆಳಗಿದ್ದ ಬಂಗಾಳಿ ಸಹಾಯಕನಿಗೆ ಹಿಂದಿಯಲ್ಲಿ ಎಲ್ಲ ವಿವರಿಸಿದರು. ತಂಡ ಕಟ್ಟಿದ ಕಾಲದ ಬ್ಯಾರಿ ಗೆಳೆಯನಿಗೆ ಫೋನ್ ಮಾಡಿ ಬೇಸ್‌ಬಾಲಿನ ಪಾಠ ಹೇಳಿದರು. ಅಂಗಿಯನ್ನು ತಾವೇ ಒಗೆದರು, ನಮ್ಮ ಮದುವೆಯಾದ ಮೇಲೆ ಮೊದಲ ಸಲ. ಸಡಿಲವಾಗಿದ್ದ ಅಂಕಿಯ ಒಂದು ತುದಿಯನ್ನು ಸೂಜಿ ಹಿಡಿದು ತಾವೇ ಹೊಲಿದರು. ನಾನು ಹೊಲಿಯುತ್ತೇನೆ ಎಂದರೆ ಕೊಡಲಿಲ್ಲ.

ಸಮಾರಂಭಕ್ಕೆ ಸ್ವಲ್ಪ ದಿನ ಇದೆ ಎನ್ನುವಾಗ ಕಾರ್ಯದರ್ಶಿ ನಮ್ಮ ಕ್ಲಿನಿಕ್ಕಿಗೇ ಬಂದ. ಹಲ್ಲುನೋವಿಲ್ಲದೆ ಬಂದವನ ಹಲ್ಲುಕಿರಿತ ನೋಡಿಯೇ ನನಗೆ ಗೊತ್ತಾಯಿತು.

"ಅಕ್ಕ, ಒಂದು ಸಣ್ಣ ಚೇಂಜ್ ಉಂಟು. ನಂಬರಿನ ವಿಷಯ ಧಣಿಗಳಿಗೆ ಹೇಳಿದೆ. ಅವರಿಗೆ ಐಡಿಯಾ ಭಾರೀ ಇಷ್ಟ ಆಯ್ತು."

"ಆಗ್ಲಿ, ಒಳ್ಳೇದಾಯ್ತಲ್ಲ."

"ಎಷ್ಟು ಇಷ್ಟ ಆಯ್ತು ಅಂದ್ರೆ, ಆ ನಂಬರ್ ಅವರಿಗೇ ಬೇಕಂತೆ."

ಇದನ್ನು ಅರ್ಥ ಮಾಡಿಕೊಳ್ಳಲು ಧಣಿಗಳ ಕಾರು ನೋಡಿರಬೇಕು. ಈ ಊರಿನಲ್ಲಿ ದುಡ್ಡಿದ್ದವರಿಗೆ ಕಾರಿನ ಫ್ಯಾನ್ಸಿ ನಂಬರಿನ ಹುಚ್ಚು. ಅಂಕಿ ಕಡಿಮೆಯಿದ್ದಷ್ಟು ಗೌರವ, ಒಂದೇ ಅಂಕಿ ಮತ್ತೆಮತ್ತೆ ಬಂದರೆ ಇನ್ನೂ ಗೌರವ. ಧಣಿಗಳ ಕಾರಿನ ಪ್ಲೇಟಿನ ತುಂಬ ಬರೀ ನಾಲ್ಕರ ಅಂಕಿಗಳು. ಇನ್ನು ಮುಂದೆ ಬೇರೆ ಯಾರಿಗೂ ಸಿಗದ ನಂಬರು ಎಂದು ಹೇಳಿದ ಕೂಡಲೇ ಅವರ ತಲೆಯಲ್ಲಿ ಓಡಿದ್ದು ಕಾರಿನ ಪ್ಲೇಟು. ಅಮೆರಿಕದವರು ಒಬ್ಬ ಆಟಗಾರನನ್ನು ಮರೆಯಬಾರದೆಂದು ಮಾಡಿಕೊಂಡ ಪದ್ಧತಿ ನಮ್ಮ ಜನರ ಕೈಗೆ ಬಂದು ಫ್ಯಾನ್ಸಿ ನಂಬರಾಯಿತು. ಧಣಿಗಳ ಹೆಸರಿನಲ್ಲಿ ನಾಲ್ಕನ್ನು ರಿಟೈರ್ ಮಾಡುವುದು, ಗಾಜಿನ ಫ್ರೇಮ್ ಹಾಕಿ ಅವರ ಶೋರೂಮಿನ ಗೋಡೆಗೆ ತೂಗುಹಾಕುವುದು ಎಂದು ನಿಶ್ಚಯವಾಗಿತ್ತು. ಅದಕ್ಕೆ ಇವರ ಹಳೆಯ ಅಂಗಿಯೇ ಬೇಕಂತೆ, ಫೋಟೋದಲ್ಲಿ 'ಹೆರಿಟೇಜ್' ಕಾಣಬೇಕಂತೆ.

"ಧಣಿಗಳು ಈ ತಂಡಕ್ಕೆ ಒಂದು ಬಾಲ್ ಆಡಿದ್ದಾರಾ ಮಾರಾಯ?"

"ಆಡಿಲ್ಲ ಅಕ್ಕ, ಆದರೆ ಆಡಿಸಿದ್ದಾರಲ್ಲ. ಸ್ವಲ್ಪ ಅಡ್ಜಸ್ಟ್ ಮಾಡಿ. ಅಣ್ಣನಿಗೆ ಶಾಲು ಹೊದಿಸುವ, ಸ್ಮರಣಿಕೆ ಕೊಡುವ."

ಶಾಲು! ನಮ್ಮ ಜನ ಯಾರದ್ದಾದರೂ ಚರ್ಮ ಸುಲಿದರೂ ಮೇಲಿಂದ ಒಂದು ಶಾಲು ಹೊದಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ಪಕ್ಕದಲ್ಲಿ ರೋಗಿಗಳಿದ್ದರು, ಇಲ್ಲದಿದ್ದರೆ ಅವತ್ತು ಅವನ ಹಲ್ಲಿಗೆ ನಿಜವಾಗಿಯೂ ಕೆಲಸ ಬರುತ್ತಿತ್ತು.

ಮನೆಗೆ ಬಂದು ಇವರಿಗೆ ಹೇಳಿದೆ. ಬೈಯುತ್ತಾರೆ, ಒಂದು ಸಲವಾದರೂ ಬೈಯುತ್ತಾರೆ ಎಂದು ಕಾದೆ. ಇವರು ಕಪಾಟಿನಿಂದ ಅಂಗಿಯನ್ನು ತೆಗೆದು ತೊಡೆಯ ಮೇಲೆ ಹರಡಿಕೊಂಡರು.

"ಎಲ್ಲಿ ತೂಗುಹಾಕ್ತಾರಂತೆ?"

"ಖುರುಮ್‌ನ ಶೋರೂಮಿನಲ್ಲಿ. ಕಮೋಡುಗಳ ಮಧ್ಯೆ."

"ಹಾಗಾದ್ರೆ ಕೊಡುವ" ಎಂದರು.

ನನಗೆ ಮೈ ಉರಿಯಿತು. ಧಣಿಯನ್ನು ಕಂಡರೆ ತಾತ್ಸಾರ, ಕಾರ್ಯದರ್ಶಿಯನ್ನು ಕಂಡರೆ ತಾತ್ಸಾರ, ಆದರೆ ಅವತ್ತು ನನ್ನ ಗಂಡನ ಮೇಲೆ ಬಂದಷ್ಟು ತಾತ್ಸಾರ ಯಾರ ಮೇಲೂ ಬಂದಿರಲಿಲ್ಲ. "ನಿಮಗೆ ಬೆನ್ನುಮೂಳೆ ಉಂಟಾ, ಇಲ್ಲವಾ?" ಎಂದು ಮಗಳ ಎದುರಿನಲ್ಲೇ ಕೇಳಿದೆ. ಅವರು ಅಂಗಿಯನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು.

ಸಮಾರಂಭ ಖುರುಮ್‌ನ ಒಂದು ಹೋಟೆಲಿನ ಸಭಾಂಗಣದಲ್ಲಿ. ಬೆಂಕಿಯ ಅಲಾರಂ ಕೂಗುತ್ತದೆಂದು ಬ್ಯಾಟರಿಯ ದೀಪಗಳನ್ನು ಗಣ್ಯರು ಸ್ವಿಚ್ ಒತ್ತಿ ಬೆಳಗಿಸಿದರು. ಸುವರ್ಣಯುಗವನ್ನು ನಾನು ಓದಿದೆ. ಸ್ಥಳಾಂತರವನ್ನು ಓದಿದೆ. ಮೊದಲ ಕಪ್ಪಿನ ದಿನ ಎಂದು ನನ್ನ ಮಗಳ ಹುಟ್ಟಿದ ದಿನವನ್ನು ಓದಿದೆ, ಜನ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಇಬ್ಬರು ಹುಡುಗರು ಗಾಜಿನ ಫ್ರೇಮನ್ನು ಹೊತ್ತು ತಂದರು. ಅದರೊಳಗೆ ನಾಲ್ಕನೇ ನಂಬರಿನ ಅಂಗಿ, ಕೆಳಗೆ ಹೊಳೆಯುವ ಅಕ್ಷರಗಳಲ್ಲಿ ಧಣಿಗಳ ಹೆಸರು. ಇವರು ಬಾಗಿಲ ಹತ್ತಿರ ನಿಂತು ಅತಿಥಿಗಳಿಗೆ ನೀರಿನ ಬಾಟಲಿ ಹಂಚುತ್ತಿದ್ದರು. ಅಲ್ಲಿಂದಲೇ ಇಣುಕಿ ಫ್ರೇಮನ್ನು ನೋಡಿದರು.

ನನ್ನ ಕೈಯಲ್ಲಿದ್ದ ಕಾಗದದಲ್ಲಿ ಧಣಿಗಳನ್ನು ಅಟ್ಟಕ್ಕೇರಿಸುವ ನಾಲ್ಕು ಸಾಲುಗಳಿದ್ದವು. ಅವುಗಳನ್ನು ನಾನೇ ಬರೆದಿದ್ದೆ. ಓದಲು ಬಾಯಿ ಬರಲಿಲ್ಲ.

"ಈ ಅಂಗಿ ಹಾಕಿಕೊಂಡು ತಂಡಕ್ಕಾಗಿ ಆಡಿದವರು ಒಬ್ಬರೇ" ಎಂದೆ. "ಅವರು ಈಗ ಬಾಗಿಲ ಹತ್ತಿರ ನಿಮಗೆ ನೀರು ಕೊಡುತ್ತಿದ್ದಾರೆ. ಧಣಿಗಳು ಇದನ್ನು ಒಂದು ದಿನವೂ ಮೈಮೇಲೆ ಹಾಕಿಲ್ಲ. ನಾನು ಒಗೆದವಳು, ನನಗೆ ಗೊತ್ತು."

ಕಾರ್ಯದರ್ಶಿಯ ಬಾಯಿ ತೆರೆದುಕೊಂಡೇ ಇತ್ತು. ಆದರೆ ಧಣಿಗಳು ವ್ಯಾಪಾರಸ್ಥರು, ಒಂದು ಕ್ಷಣವೂ ತಡಮಾಡಲಿಲ್ಲ. ನಗುತ್ತ ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

"ತಂಗಿ ಹೇಳಿದ್ದು ಕರೆಕ್ಟ್! ಮ್ಯಾನೇಜರ್‌ರೇ, ಬನ್ನಿ ಇಲ್ಲಿ, ನಾಚಿಕೆ ಬೇಡ. ತೆಗೊಳ್ಳಿ, ನಿಮ್ಮ ಅಂಗಿ ನಿಮಗೇ. ಊರಿಗೆ ತೆಗೊಂಡು ಹೋಗಿ ಮನೆಯಲ್ಲಿ ಹಾಕಿ. ಖಲಾಸ್!"

ಎಂಥ ಚಪ್ಪಾಳೆ! ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟ ದೊಡ್ಡತನಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರು ನೀರಿನ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದರು. ಧಣಿಗಳಿಗೆ ಅಲ್ಲಿಯೇ ಒಂದನೇ ನಂಬರು ಘೋಷಣೆಯಾಯಿತು, ಶೋರೂಮಿನ ಗೋಡೆಗೆ ಇನ್ನು ಅದೇ. ಆ ನಂಬರು ಹಾಕುತ್ತಿದ್ದ ಬ್ಯಾಟ್ಸ್‌ಮನ್ ಎದುರಿನ ಸಾಲಿನಲ್ಲೇ ಕೂತು ತಾನೂ ಚಪ್ಪಾಳೆ ತಟ್ಟಿದ.

ಕಾರಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ. ಬೌಷರ್‌ನ ನಮ್ಮ ಮನೆ ಹತ್ತಿರವಾಗುವಾಗ ನನಗೆ ತಡೆಯಲಾಗಲಿಲ್ಲ.

"ಒಂದು ಒಳ್ಳೆಯ ಮಾತು ಹೇಳ್ಬಹುದಿತ್ತಲ್ಲ ಮಾರಾಯ್ರೆ. ಯಾರಿಗೋಸ್ಕರ ಮಾಡಿದ್ದು ನಾನು?"

"ಶೋರೂಮಿನ ಗೋಡೆಗೆ ಹಾಕಿದ್ರೆ ಅದು ಅಲ್ಲೇ ಇರ್ತಿತ್ತು" ಎಂದರು.

"ಅವನ ಹೆಸರಿನಲ್ಲಿ!"

ಅವರು ಕಾರು ನಿಲ್ಲಿಸಿ, ಫ್ರೇಮನ್ನು ಇಳಿಸಿಕೊಂಡು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದರು.

ಹೊರಡುವ ದಿನ ಬಂತು. ಫ್ರೇಮು ಸೂಟ್‌ಕೇಸಿಗೆ ಹಿಡಿಯಲಿಲ್ಲ. ಇವರು ಹಿಂದಿನ ಮೊಳೆಗಳನ್ನು ಬಿಚ್ಚಿ ಅಂಗಿಯನ್ನು ಮಾತ್ರ ತೆಗೆದುಕೊಂಡರು. ವಿಮಾನ ನಿಲ್ದಾಣದಲ್ಲಿ ಮಗಳನ್ನು ತಬ್ಬಿಕೊಂಡಾಯಿತು, ಅವಳು ಅಳುತ್ತ ಟ್ರಾಲಿ ಹಿಡಿದು ನಿಂತಳು. ಇವರು ಕೈಚೀಲದ ಜಿಪ್ ಎಳೆದು ಅಂಗಿಯನ್ನು ತೆಗೆದು ನನ್ನ ಕೈಗಿಟ್ಟರು.

"ಇದೆಂತ? ನಾನು ಊರೆಲ್ಲ ಜಗಳ ಮಾಡಿ ವಾಪಸ್ ತಂದದ್ದು. ಮನೆಯ ಗೋಡೆಗೆ ಹಾಕಿ."

"ಊರಲ್ಲಿ ಅದೊಂದು ಹಳೇ ಬನಿಯನ್ ಮಾರಾಯ್ತಿ. ಅದು ಇಲ್ಲೇ ಇರ್ಲಿ."

"ಇಲ್ಲಿ ಎಂತಕ್ಕೆ?"

"ನಾನು ಇಲ್ಲಿದ್ದೆ ಅಂತ ಹೇಳ್ಲಿಕ್ಕೆ ಇಲ್ಲಿ ಬೇರೆ ಎಂತ ಉಂಟು?"

"ನಾನಿಲ್ವಾ? ಮಗಳಿಲ್ವಾ?"

"ನೀವೂ ಬರುವವರೇ ಅಲ್ವಾ" ಎಂದು ಹೇಳಿ ಅವರು ಒಳಗೆ ಹೋದರು.

ಊರಿನಲ್ಲಿ ಅವರು ಚೆನ್ನಾಗಿದ್ದಾರೆ. ದಿನವೂ ಫೋನ್ ಮಾಡುತ್ತಾರೆ, ಅಂಗಿಯ ಬಗ್ಗೆ ಕೇಳುವುದಿಲ್ಲ. ಮಗಳ ಪರೀಕ್ಷೆ ಹತ್ತಿರ ಬಂದಿದೆ, ಅದು ಮುಗಿದರೆ ನಾವೂ ಸಾಮಾನು ಕಟ್ಟುತ್ತೇವೆ. ಈ ಅಂಗಿಯನ್ನು ಎಲ್ಲಿ ಬಿಟ್ಟುಹೋಗಲಿ ಎಂದು ಯೋಚಿಸಿ ಯೋಚಿಸಿ ಸಾಕಾಯಿತು. ಬ್ಯಾರಿ ಗೆಳೆಯನೂ ಅಂಗಡಿ ಮಾರಿ ಊರಿಗೆ ಹೊರಟಿದ್ದಾನಂತೆ. ನಮ್ಮವರು ಎನ್ನುವವರಲ್ಲಿ ಇಲ್ಲಿ ನಾಳೆಗೂ ಉಳಿಯುವ ಗೋಡೆ ಯಾರದ್ದಿದೆ?

ನಿನ್ನೆ ಕಾರ್ಯದರ್ಶಿಗೆ ನಾನೇ ಫೋನ್ ಮಾಡಿದೆ. ಅವನ ಮೇಲೆ, ಅವನ ಧಣಿಯ ಮೇಲೆ, ಅವರ ಇಡೀ ತಂಡದ ಮೇಲೆ ನನಗಿದ್ದ ತಾತ್ಸಾರ ಹಾಗೆಯೇ ಇದೆ, ಒಂದು ಚೂರೂ ಕರಗಿಲ್ಲ. ಶೋರೂಮಿನ ಗೋಡೆಯಲ್ಲಿ ಇನ್ನೂ ಒಂದು ಫ್ರೇಮಿಗೆ ಜಾಗ ಇದೆಯಾ ಎಂದು ಕೇಳಿದೆ. ಕಮೋಡುಗಳ ಮಧ್ಯೆಯಾದರೂ ಅಡ್ಡಿಯಿಲ್ಲ ಎಂದೆ.

"ಅಣ್ಣನ ಹೆಸರು ಹಾಕುದಾದ್ರೆ ಧಣಿಗಳನ್ನು ಕೇಳ್ಬೇಕಷ್ಟೆ ಅಕ್ಕ" ಎಂದ.

"ಹೆಸರು ಬೇಡ" ಎಂದೆ. "ಧಣಿಗಳದ್ದೇ ಹಾಕಿ."